ಚಿತ್ರ ಚೆನ್ನಾಗಿ ಬಂದಿದೆ, ನೀವು ಹೊರಡಬಹುದು

ಮದುವೆಮನೆಯ ಪೆಟ್ರೊಮ್ಯಾಕ್ಸ್ ದೀಪದ ಮ್ಯಾಂಟಲ್ ಮುಟ್ಟಲು ಹೋದ ಮಕ್ಕಳನ್ನು ಹಿರಿಯರು ಗದರುತ್ತಿದ್ದರು. ಬೆರಳು ತಾಗಿದೊಡನೆ ಪುಡಿಯಾಗುತ್ತಿದ್ದ ಆ ಬೆಳ್ಳನೆಯ ಬಲೆಯ ಬಹುಪಾಲು ವಿಕಿರಣ ಸೂಸುವ ಥೋರಿಯಂ ಡಯಾಕ್ಸೈಡ್. ಗದರಿಕೆ ಮ್ಯಾಂಟಲಿನ ಬೆಲೆಗೇ ಹೊರತು ವಿಕಿರಣಕ್ಕಲ್ಲ, ಆ ಮಾತು ಬೇರೆ. ಅದೇ ವಸ್ತುವನ್ನು ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿಸಿ, ದ್ರವದಲ್ಲಿ ತೇಲಿಸಿ, ‘ಥೊರೊಟ್ರಾಸ್ಟ್’ ಎಂದು ಹೆಸರಿಟ್ಟು, ಎಕ್ಸ್-ರೇ ಚಿತ್ರ ಸ್ಫುಟವಾಗಿ ಮೂಡಲೆಂದು ರೋಗಿಗಳ ರಕ್ತನಾಳಕ್ಕೇ ಚುಚ್ಚಿದ ಕೀರ್ತಿ 1930ರ ದಶಕದ ವೈದ್ಯಲೋಕಕ್ಕೆ ಸಲ್ಲಬೇಕು. ‘ನ್ಯಾನೊ’ ಎಂಬ ಪದ ಆಗಿನ್ನೂ ಜಾಹೀರಾತಿಗೆ ಒದಗಿರಲಿಲ್ಲ. ಒದಗಿದ್ದರೆ ಶೀಶೆಯ ಬೆಲೆ ಎಲ್ಲಿಗೆ ಏರುತ್ತಿತ್ತೋ!

ಸುರಕ್ಷತೆಯನ್ನು ಅಳೆದ ಬಗೆಯಂತೂ ಬಲು ಸರಳವಾಗಿತ್ತು. ರೋಗಿ ಕೂಗಿಕೊಳ್ಳಲಿಲ್ಲ, ವಾಂತಿ ಮಾಡಲಿಲ್ಲ, ಮೇಜಿನಿಂದಿಳಿದು ತನ್ನ ಕಾಲ ಮೇಲೆ ತಾನೇ ನಡೆದುಹೋದ. ಚಿತ್ರವೋ, ಕಣ್ಣಿಗೆ ಹಬ್ಬ. ಪೋರ್ಚುಗಲ್ಲಿನ ನರರೋಗತಜ್ಞ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳ ಚಿತ್ರಕ್ಕೂ ಇದನ್ನೇ ಬಳಸಿದರು. ಅಮೆರಿಕದ ವೈದ್ಯಸಂಘದ ಸಮಿತಿ 1932ರಲ್ಲಿಯೇ ಎಚ್ಚರಿಸಿತ್ತು. ಎಚ್ಚರಿಕೆ ಕಪಾಟು ಸೇರಿತು, ಸೂಜಿ ಮಾತ್ರ 1950ರ ದಶಕದವರೆಗೂ ಚುಚ್ಚುತ್ತಲೇ ಇತ್ತು.

ರೋಗಿ ಮನೆಗೆ ಹೊರಟರೂ ಕಣಗಳು ಹೊರಡಲಿಲ್ಲ. ಯಕೃತ್ತಿನಲ್ಲಿ, ಗುಲ್ಮದಲ್ಲಿ ಬಿಡಾರ ಹೂಡಿ ಆಲ್ಫಾ ಕಿರಣ ಸೂಸುತ್ತಾ ಕುಳಿತವು. ಥೋರಿಯಂನ ಅರ್ಧಾಯು, ಅಂದರೆ ಅದರ ಅರ್ಧಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 1,400 ಕೋಟಿ ವರ್ಷ ಎಂಬುದನ್ನು ನೋಡಿದರೆ, ಇಷ್ಟು ಬಾಳಿಕೆ ಬರುವ ಸರಕನ್ನು ಇಷ್ಟು ಅಲ್ಪಾಯುಷಿ ಗಿರಾಕಿಗೆ ಮಾರಿದ ವ್ಯಾಪಾರ ಇನ್ನೊಂದು ಇರಲಾರದು. ದಶಕಗಳ ಬಳಿಕ ಬೇರಾವುದೋ ನೋವಿಗೆಂದು ಎಕ್ಸ್-ರೇ ತೆಗೆಸಿದರೆ, ಹೊಸದಾಗಿ ಏನೂ ಚುಚ್ಚದಿದ್ದರೂ ಗುಲ್ಮ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಯಕೃತ್ತಿನ ಕ್ಯಾನ್ಸರ್ ಬಂದದ್ದೂ ಹೀಗೆಯೇ, ಇಪ್ಪತ್ತು ಮೂವತ್ತು ವರ್ಷ ತಡವಾಗಿ. ಅಷ್ಟರಲ್ಲಿ ‘ಸುರಕ್ಷಿತ’ ಎಂದು ಬರೆದ ವೈದ್ಯರು ನಿವೃತ್ತರಾಗಿರುತ್ತಿದ್ದರು.

ಮುಂದೆ ಚಿತ್ರ ಸ್ಫುಟಗೊಳಿಸಲೆಂದೇ ಕಬ್ಬಿಣದ ಆಕ್ಸೈಡ್ ಕಣಗಳು ಬಂದವು. ಯಕೃತ್ತು ಇವನ್ನು ಒಡೆದು ಆ ಕಬ್ಬಿಣವನ್ನು ರಕ್ತಕ್ಕೇ ಬಳಸಿಕೊಳ್ಳಬಲ್ಲದು. ಎಂ.ಆರ್.ಐ. ಚಿತ್ರಕ್ಕೆಂದು 1996ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಇಂಥ ಕಣಗಳ ಮದ್ದು ಫೆರಿಡೆಕ್ಸ್ 2008ರಲ್ಲಿ ಗಿರಾಕಿಗಳಿಲ್ಲದೆ ಅಂಗಡಿ ಮುಚ್ಚಿತು. ದೇಹ ಅರಗಿಸಿಕೊಂಡದ್ದನ್ನು ಮಾರುಕಟ್ಟೆ ಅರಗಿಸಿಕೊಳ್ಳಲಿಲ್ಲ.

ಈಗ ಸರದಿ ಚಿನ್ನದ ಕಣಗಳದ್ದು. ಇವೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿಲ್ಲಬಲ್ಲವು ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಿರುವ ಸಂಗತಿ. ಆದರೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಒಂದಿಷ್ಟು ಜೀವಕೋಶಗಳ ಮೇಲೆ ಅವನ್ನು ಸುರಿದು, 24 ಗಂಟೆ ಕಾದು ನೋಡಿ, ‘ದೇಹಸ್ನೇಹಿ’ ಎಂದು ಷರಾ ಬರೆಯುವ ಪ್ರಬಂಧಗಳಿಗೆ ಬರವಿಲ್ಲ. ಜೀವಕೋಶಗಳೂ ಕೂಗಿಕೊಳ್ಳಲಿಲ್ಲವಂತೆ.