ಇನಿಶಿಯಲ್ ಹಾಕಿಕೊಂಡು ಬಾ, ಜಾನಕಿ

ಸೆನ್ಸಾರ್ ಮಂಡಳಿಯವರು ದೊಡ್ಡ ಮನಸ್ಸಿನವರು. ‘ಜಾನಕಿ ವರ್ಸಸ್ ಸ್ಟೇಟ್ ಆಫ್ ಕೇರಳ’ ಎಂಬ ಮಲಯಾಳಂ ಸಿನಿಮಾಕ್ಕೆ 2025ರಲ್ಲಿ ಅವರು ಮಾಡಿದ ಉಪಕಾರ ನೆನಪಿದೆ ಅಲ್ವಾ? ಜಾನಕಿ ಅಂದರೆ ಸೀತಾಮಾತೆ, ಅತ್ಯಾಚಾರಕ್ಕೊಳಗಾದ ಹೆಣ್ಣಿಗೆ ಆ ಹೆಸರು ಇಡೋ ಹಾಗಿಲ್ಲ ಅಂದರು. ಮೊದಲು 96 ಕಡೆ ಕತ್ತರಿ ಎಂದಿದ್ದವರು ಕೇರಳ ಹೈಕೋರ್ಟಿನಲ್ಲಿ ಎರಡಕ್ಕೆ ಇಳಿದರು. ಟೈಟಲ್‌ನಲ್ಲಿ ಜಾನಕಿಯ ಪಕ್ಕ ಒಂದು ‘ವಿ’ ಸೇರಿಸಿ, ಕೋರ್ಟ್ ಸೀನಿನಲ್ಲಿ ಹೆಸರು ಮ್ಯೂಟ್ ಮಾಡಿ, ಸಾಕು. ಚಿಕ್ಕಪೇಟೆಯಲ್ಲಿ ಸೀರೆ ಚೌಕಾಸಿ ಮಾಡುವಾಗಲೂ 96ರಿಂದ 2ಕ್ಕೆ ಯಾರೂ ಇಳಿದಿಲ್ಲ.

ಒಂದೇ ಒಂದು ಇಂಗ್ಲಿಷ್ ಅಕ್ಷರ. ಅಷ್ಟಕ್ಕೇ ಧರ್ಮ ಉಳಿಯಿತು. ಬರೀ ಜಾನಕಿ ಅಂದರೆ ಜನಕ ಮಹಾರಾಜನ ಮಗಳು. ಜಾನಕಿ ವಿ. ಅಂದರೆ ರೇಷನ್ ಕಾರ್ಡಿನಲ್ಲಿರುವ ಪಕ್ಕದ ಮನೆಯವಳು. ಅವಳಿಗೆ ಏನು ಬೇಕಾದರೂ ಆಗಬಹುದು.

ನಮ್ಮ ಎಸ್. ಜಾನಕಿ ಅಮ್ಮನ ದೂರದೃಷ್ಟಿ ನೋಡಿ. ಆ ಕಾಲದಲ್ಲೇ ‘ಎಸ್’ ಹಾಕಿಕೊಂಡು ಬಚಾವಾಗಿದ್ದರು. ಕನ್ನಡದಲ್ಲಿ ಅಷ್ಟೊಂದು ಪ್ರೇಮಗೀತೆ ಹಾಡಿದರೂ ಯಾರ ಭಾವನೆಗೂ ಧಕ್ಕೆ ಆಗಲಿಲ್ಲ. ಟಿ.ಎನ್. ಸೀತಾರಾಂ ಅವರ ‘ಮಗಳು ಜಾನಕಿ’ಗೆ ಇನಿಶಿಯಲ್ ಇರಲಿಲ್ಲ ನಿಜ. ಆದರೆ ಟಿವಿ ಧಾರಾವಾಹಿಗಳು ಈ ಮಂಡಳಿಯ ಮುಂದೆ ಹೋಗುವುದಿಲ್ಲ. ಹಾಗಾಗಿ ಅವಳು ದಿನಾ ರಾತ್ರಿ ಮನೆಮನೆಗೆ ಬಂದರೂ ಊರು ತಣ್ಣಗಿತ್ತು.

ಸಿನಿಮಾ ಹೆಸರಿಗೆ ಅಕ್ಷರ ಸೇರಿಸುವ ಕಲೆ ಗಾಂಧಿನಗರಕ್ಕೆ ಹೊಸದೇನಲ್ಲ. ಇಂಗ್ಲಿಷಿನಲ್ಲಿ ‘ರಾಬರ್ಟ್’ಗೆ ಒಂದು ಆರ್ ಜಾಸ್ತಿ, ‘ಯುವರತ್ನ’ಕ್ಕೆ ಒಂದು ಎ ಜಾಸ್ತಿ, ‘ಕಬ್ಜ’ಕ್ಕೂ ಒಂದು ಎ ಜಾಸ್ತಿ. ಯಾಕೆ ಅಂತ ಕೇಳಬಾರದು. ಮಂಡಳಿಯವರು ಅಕ್ಷರ ಕೀಳುವುದರಲ್ಲೂ ಪಳಗಿದವರು. 2018ರಲ್ಲಿ ‘ಪದ್ಮಾವತಿ’ಯ ಕೊನೆಯ ‘ಐ’ ಹಾರಿಹೋಗಿ ‘ಪದ್ಮಾವತ್’ ಆಯಿತು. ಅಲ್ಲಿ ಒಂದು ಕಿತ್ತರು, ಇಲ್ಲಿ ಒಂದು ನೆಟ್ಟರು. ಲೆಕ್ಕ ಸರಿಹೋಯಿತು.

ಇನ್ನೂ ಒಂದು ತಮಾಷೆ ಇದೆ. ಈ ಸಿನಿಮಾದಲ್ಲಿ ಲಾಯರ್ ಪಾತ್ರ ಮಾಡಿದ ಸುರೇಶ್ ಗೋಪಿ ಕೇಂದ್ರದಲ್ಲಿ ಮಂತ್ರಿ. ಮಂಡಳಿಯೂ ಕೇಂದ್ರದ್ದೇ. ಸ್ವಂತ ಸರ್ಕಾರದ ಮಂತ್ರಿಯ ಸಿನಿಮಾವೇ ಜೂನ್ 27ಕ್ಕೆ ಬರಬೇಕಾದದ್ದು ಜುಲೈ 17ಕ್ಕೆ ಬಂತು. ನಡುವೆ ಹೈಕೋರ್ಟ್ ನ್ಯಾಯಮೂರ್ತಿಗಳು ತಾವೇ ಹೋಗಿ ಸಿನಿಮಾ ನೋಡಬೇಕಾಯಿತು. ಬಾಕಿ ಕೇಸುಗಳು ಹೇಗೂ ಕಾಯುತ್ತವೆ, ಅವಕ್ಕೆ ಅಭ್ಯಾಸವಾಗಿದೆ.

ನಗು ಸಾಕು. ಅತ್ಯಾಚಾರಕ್ಕೊಳಗಾದವಳ ಹೆಸರು ಬಯಲು ಮಾಡಬಾರದು ಅಂತ ನಮ್ಮಲ್ಲಿ ಕಾನೂನೇ ಇದೆ. ಹಿಂದೆ ಐಪಿಸಿ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72. ಅದು ಇರುವುದು ಅವಳು ನೆಮ್ಮದಿಯಾಗಿ ಬದುಕಲಿ ಅಂತ. ಮಂಡಳಿ ಹೆಸರು ಮ್ಯೂಟ್ ಮಾಡಿಸಿದ್ದು ಅವಳಿಗಾಗಿ ಅಲ್ಲ. ಆ ಹೆಸರಿಗೆ ಅವಳು ಅಂಟಬಾರದು ಅಂತ. ಅಂದರೆ ಮೈಲಿಗೆಯಾದವಳು ಅವಳೇ! ರಾಮಾಯಣದ ಜಾನಕಿಯನ್ನೂ ಹೊತ್ತುಕೊಂಡು ಹೋದರು, ಬೆಂಕಿಗೆ ಇಳಿಸಿದರು, ಬಸುರಿಯಾಗಿದ್ದಾಗ ಕಾಡಿಗೆ ಅಟ್ಟಿದರು. ಅದನ್ನು ಕೇಳಿ ಅಳುತ್ತಾ ಬೆಳೆದವರಲ್ಲವೇ ನಾವು? ಈಗಲೂ ಸೀತೆ, ಲಕ್ಷ್ಮಿ, ಪಾರ್ವತಿ ಅನ್ನುವ ಹೆಣ್ಣುಮಕ್ಕಳು ದೂರು ಹಿಡಿದು ಠಾಣೆಯ ಬೆಂಚಿನ ಮೇಲೆ ಸಂಜೆವರೆಗೂ ಕೂತಿರುತ್ತಾರೆ. ಆಗ ಯಾರಿಗೂ ದೇವರ ಹೆಸರು ನೆನಪಾಗುವುದಿಲ್ಲ. ಪೋಸ್ಟರ್ ಮೇಲೆ ಬಂದರೆ ಮಾತ್ರ ಉರಿ.

ನಿರ್ಮಾಪಕರು ಕೊನೆಗೆ ‘ವಿ’ ಹಾಕಲು ಒಪ್ಪಿಕೊಂಡರು. ಅವರನ್ನು ಬೈದು ಪ್ರಯೋಜನವಿಲ್ಲ. ದುಡ್ಡು ಸುರಿದು ಕೂತವರಿಗೆ ಒಂದು ಅಕ್ಷರ ಭಾರವೇನಲ್ಲ. ಇದನ್ನು ನೋಡಿದ ಮುಂದಿನ ನಿರ್ಮಾಪಕ ಕೋರ್ಟಿಗೂ ಹೋಗುವುದಿಲ್ಲ. ಕಥೆ ಬರೆಯುವಾಗಲೇ ನಾಯಕಿಗೆ ಪಿಂಕಿ ಅಂತ ಹೆಸರಿಟ್ಟುಬಿಡುತ್ತಾನೆ.