ಲೆಸ್ಸರ್ ಅಂದರೆ ಕಮ್ಮಿ ಸಿಳ್ಳೆ ಹಾಕೋದಲ್ಲ

ನಾನಿರುವುದು ಲಂಡನ್ನಿನಲ್ಲಿ, ಊರು ಶ್ರೀರಂಗಪಟ್ಟಣದ ಪಕ್ಕ. ರಜೆಗೆ ಬಂದಾಗ ಮನೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ರಂಗನತಿಟ್ಟಿಗೆ ಹೋಗುತ್ತೇನೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಂತೆ ಪಕ್ಷಿಧಾಮವಾದ ಜಾಗ ಅದು. ದೋಣಿ ಹತ್ತಿದರೆ ಸ್ಪಾಟ್-ಬಿಲ್ಡ್ ಪೆಲಿಕನ್, ಏಷ್ಯನ್ ಓಪನ್‌ಬಿಲ್ ಅಂತ ಇಂಗ್ಲಿಷ್ ಹೆಸರುಗಳ ಸುರಿಮಳೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅರ್ಥ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹತ್ತು ಹನ್ನೆರಡು ಸಣ್ಣ ಪದ ಗೊತ್ತಿದ್ದರೆ ಸಾಕು, ಹೆಸರಿನಲ್ಲೇ ಹಕ್ಕಿಯ ಅರ್ಧ ಚಹರೆ ಸಿಗುತ್ತದೆ. ಬಿಲ್ ಅಂದರೆ ಕೊಕ್ಕು, ಕ್ರೆಸ್ಟೆಡ್ ಅಂದರೆ ಜುಟ್ಟಿರುವುದು. ಪೈಡ್ ಅಂದರೆ ಕಪ್ಪು ಬಿಳಿ ಬೆರೆತದ್ದು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ತಟ್ಟನೆ ಮೀನಿಗೆ ಬೀಳುತ್ತದಲ್ಲ, ಅದು ಪೈಡ್ ಕಿಂಗ್‌ಫಿಷರ್. ಗ್ರೇಟ್ ಅನ್ನುವುದು ಹೊಗಳಿಕೆಯೇನಲ್ಲ, ಗಾತ್ರದ ಮಾತು. ಲೆಸ್ಸರ್ ವಿಸ್ಲಿಂಗ್ ಡಕ್ ಅಂದರೆ ಸಿಳ್ಳೆ ಬಾತುಗಳಲ್ಲಿ ಚಿಕ್ಕದು. ಸಿಳ್ಳೆಗೇನೂ ಕಮ್ಮಿ ಇಲ್ಲ.

ರಂಗನತಿಟ್ಟಿನ ಮೊಸಳೆಯ ಇಂಗ್ಲಿಷ್ ಹೆಸರು ಮಗ್ಗರ್, ಅದರದು ಬೇರೆ ಕತೆ. ಲಂಡನ್ನಿನಲ್ಲಿ ಮಗ್ಗರ್ ಅಂದರೆ ಬೀದಿಯಲ್ಲಿ ಹೊಡೆದು ಕಿತ್ತುಕೊಳ್ಳುವವನು. ಬಂಡೆ ಮೇಲೆ ಬಾಯಿ ತೆರೆದು ಸುಮ್ನೆ ಬಿಸಿಲು ಕಾಯಿಸುವ ನಮ್ಮ ಮೊಸಳೆಗೆ ಆ ಹೆಸರು ಬಂದದ್ದು ಹಿಂದಿಯ ಮಗರ್‌ನಿಂದ. ಅದರ ಹಿಂದೆ ಇರುವುದು ಸಂಸ್ಕೃತದ ಮಕರ. ದೇವಸ್ಥಾನದ ಮಕರತೋರಣದಲ್ಲಿ ಇರುತ್ತದಲ್ವಾ, ಅದೇ.

ಲಂಡನ್ನಿನಲ್ಲಿ ಹಿತ್ತಲಿಗೆ ಬರುವ ಹಕ್ಕಿಗಳಲ್ಲಿ ಬ್ಲೂ ಟಿಟ್ ಯಾವುದು, ಗ್ರೇಟ್ ಟಿಟ್ ಯಾವುದು ಅಂತ ಪಕ್ಕದ ಮನೆಯ ಅಜ್ಜಿಯೂ ಹೇಳುತ್ತಾರೆ. ನಮ್ಮಲ್ಲಿ ಹೆಸರು ಊರಿಂದೂರಿಗೆ ಬದಲು. ಅವರ ಅಚ್ಚುಕಟ್ಟು ನನಗೆ ಇಷ್ಟವೇ. ಆದರೆ ಅದನ್ನು ಕನ್ನಡಕ್ಕೆ ತರುವಾಗ ಪದಕ್ಕೆ ಪದ ಅಂಟಿಸಿ 'ಚುಕ್ಕೆ ಕೊಕ್ಕಿನ ಪೆಲಿಕನ್' ಅನ್ನುವುದು ನನಗೆ ಒಗ್ಗುವುದಿಲ್ಲ. ಹೆಜ್ಜಾರ್ಲೆ ಅನ್ನುವ ಹೆಸರಿಗೆ ಏನಾಗಿದೆ? ಓಪನ್‌ಬಿಲ್‌ಗೂ ಬಾಯ್ಕಳಕ ಅಂತ ನಮ್ಮದೇ ಹೆಸರಿದೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಬಸವನಹುಳು ತಿನ್ನಲು ಹೇಳಿಮಾಡಿಸಿದ ಕೊಕ್ಕು ಅದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಅಂಥ ಊರಿರುವ ಜಿಲ್ಲೆಯಲ್ಲಿ ಮಕ್ಕಳಿಗೆ ಮೊದಲು ಹೆಜ್ಜಾರ್ಲೆ ಅಂತಲೇ ಹೇಳಿಕೊಡಬೇಕು. ಆಮೇಲೆ ಮೇಲಿನ ಕೊಕ್ಕಿನ ಅಂಚಿಗೆ ಸಾಲಾಗಿರುವ ಚುಕ್ಕೆ ತೋರಿಸಿ, ಇಂಗ್ಲಿಷಿನವರು ಇದನ್ನು ನೋಡಿ ಸ್ಪಾಟ್-ಬಿಲ್ಡ್ ಅಂದರು ಅಂದರಾಯಿತು.