ಎಷ್ಟು ಎಚ್‌ಪಿ ಪಂಪು?

ನಮ್ಮ ತೋಟದಲ್ಲಿ ಪಂಪಿಗೆ ಬರವಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಬೇಕು ಅಂತ ಕೆರೆ ಪಕ್ಕ ಒಂದು ಡೀಸೆಲ್ ಪಂಪಿದೆ. ಬೋರ್‌ವೆಲ್ಲಿಗೆ ಒಂದು. ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯಲು ಒಂದು. ಅದು ಸರಿಯಾಗಿ ಔಷಧಿ ಹೊಡೆಯುವ ದಿನವೇ ಕೆಡುತ್ತದೆ ಅಂತ ಇನ್ನೊಂದು. ಅಟ್ಟದ ಮೇಲೆ ಅತ್ತೆಯ ಕಾಲದ ಸೀಮೆಎಣ್ಣೆ ಸ್ಟೌ ಇದೆ, ಅದಕ್ಕೂ ಬೆರಳುದ್ದದ ಪಂಪಿದೆ. ಇಷ್ಟೆಲ್ಲ ಇದ್ದರೂ ಒಂದು ಸೈಕಲ್ ಟೈರಿಗೆ ಗಾಳಿ ಹಾಕುವ ಯೋಗ್ಯತೆ ಒಂದಕ್ಕೂ ಇರಲಿಲ್ಲ.

ಸೈಕಲ್ಲು ಮಗನದು. ಅವನು ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೇಲೆ ಅದು ಗೋದಾಮಿನಲ್ಲಿ ಕಾಫಿ ಮೂಟೆಗಳ ಜೊತೆ ಒರಗಿಕೊಂಡಿತ್ತು. ನನ್ನ ಮಂಡಿ ನೋಡಿದ ಡಾಕ್ಟರು ದಿನಾ ನಡೀರಿ ಅಂದರು. ಕೊಡಗಿನ ನಮ್ಮ ಸುಂಟಿಕೊಪ್ಪದ ಸುತ್ತಮುತ್ತ ಬೆಳಗಿನ ಜಾವ ನಡೆಯುವವರು ಮನುಷ್ಯರಷ್ಟೇ ಅಲ್ಲ, ಆನೆಗಳೂ ನಡೆಯುತ್ತವೆ. ಸೈಕಲ್ಲಾದರೆ ಎದುರು ಸಿಕ್ಕಾಗ ತಿರುಗಿಸಿಕೊಂಡು ಓಡಬಹುದು ಅಂತ ನನ್ನ ಲೆಕ್ಕ. ನಮ್ಮ ರಸ್ತೆಯ ಏರಿನಲ್ಲಿ ನಾನು ಸೈಕಲ್ ತುಳಿಯುವ ವೇಗ ನೋಡಿದರೆ ಆನೆ ನಿಂತು ಎರಡು ಬಿದಿರು ಮುರಿದು ತಿಂದು ಬಂದರೂ ನನ್ನನ್ನು ಹಿಡಿಯುತ್ತದೆ, ಅದು ಬೇರೆ ಮಾತು.

ಮಳೆಗಾಲ ಮುಗಿದ ಮೇಲೆ ಸೈಕಲ್ ಹೊರಗೆ ತೆಗೆದೆ. ಎರಡೂ ಟೈರು ಅಕ್ಕಿ ರೊಟ್ಟಿ ಹಾಗೆ ನೆಲಕ್ಕೆ ಅಂಟಿದ್ದವು. ಪಿಕಪ್ಪಿನಲ್ಲಿ ಹಾಕಿಸಿಕೊಂಡು ಪೆಟ್ರೋಲ್ ಬಂಕಿಗೆ ಒಯ್ದೆ. ಗಾಳಿ ಹಾಕುವ ಹುಡುಗ ಪೈಪು ಎಳೆದುಕೊಂಡು ಬಂದ, ಕೂತ, ಚಕ್ರ ತಿರುಗಿಸಿದ, ಸುಮ್ಮನಾದ.

"ಆಂಟಿ, ಇದು ಯಾವ ದೇಶದ ವಾಲ್ವು?"

ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಆಮೇಲೆ ಗೊತ್ತಾಯಿತು, ಸೈಕಲ್ ವಾಲ್ವುಗಳಲ್ಲಿ ಮೂರು ಜಾತಿ. ನಾವು ಚಿಕ್ಕವರಿದ್ದಾಗ ನೋಡಿದ್ದು ರಬ್ಬರಿನ ವಾಲ್ ಟ್ಯೂಬಿನದು. ಅಂಗಡಿಯಲ್ಲಿ ತುಂಡು ಕತ್ತರಿಸಿ ಕೊಡುತ್ತಿದ್ದರು, ಉಗುಳು ಹಚ್ಚಿ ಸಣ್ಣ ಕಡ್ಡಿಗೆ ಏರಿಸುತ್ತಿದ್ದೆವು. ಅದರ ಹೆಸರು ಡನ್ಲಪ್ ವಾಲ್ವ್. ಕಾರು, ಬೈಕಿಗೆ ಇರುವುದು ದಪ್ಪದ್ದು, ನಡುವೆ ಒತ್ತಿದರೆ ಟುಸ್ ಅನ್ನುವ ಪಿನ್ನು. ಅದು ಶ್ರೇಡರ್. ನನ್ನ ಮಗನ ಸೈಕಲ್ಲಿನದು ಮೂರನೆಯದು, ಪ್ರೆಸ್ಟಾ. ಪೆನ್ನಿನ ರೀಫಿಲ್ಲಿನಷ್ಟು ಸಣ್ಣ, ತುದಿಯಲ್ಲಿ ಸಾಸಿವೆಯಷ್ಟಲ್ಲದಿದ್ದರೂ ಮೆಣಸಿನ ಕಾಳಿನಷ್ಟು ಒಂದು ನಟ್ಟು. ಬಂಕಿನ ಪೈಪಿಗೆ ಅದು ಸೇರುವುದಿಲ್ಲ. ನಡುವೆ ಹಾಕುವ ಪುಟ್ಟ ಹಿತ್ತಾಳೆ ತಿರುಪು ಸಿಗುತ್ತದಂತೆ. ಆದರೆ ಮಗ ಫೋನಿನಲ್ಲೇ ಕೂಗಿದ: "ಅಮ್ಮಾ, ಬಂಕಿಗೆ ಒಯ್ಯಬೇಡ. ಅದು ಲಾರಿಗೆ ಹಾಕೋ ಗಾಳಿ. ಕಣ್ಣು ಮಿಟುಕಿಸೋದ್ರಲ್ಲಿ ಟ್ಯೂಬ್ ಢಂ ಅನ್ನುತ್ತೆ. ಒಂದು ಫ್ಲೋರ್ ಪಂಪ್ ತಗೋ."

"ಫ್ಲೋರ್ ಪಂಪಾ? ನೆಲ ತೊಳೆಯೋದಾ?" ಅಂತ ನಮ್ಮವರು ಪತ್ರಿಕೆಯ ಹಿಂದಿನಿಂದ ಕೇಳಿದರು.

ನೆಲದ ಮೇಲೆ ನಿಲ್ಲಿಸಿ, ಅಡಿಗೆ ಎರಡೂ ಕಾಲಿಟ್ಟು, ಎರಡು ಕೈಯಲ್ಲಿ ಒತ್ತುವ ಪಂಪು. ಅಷ್ಟೇ. ಹಳೇ ಸೈಕಲ್ ಶಾಪಿನಲ್ಲಿ ಇರುತ್ತಿತ್ತಲ್ಲ, ಅದೇ, ಈಗ ಗಾಳಿ ಎಷ್ಟು ಹೋಗಿದೆ ಅಂತ ತೋರಿಸುವ ಮೀಟರ್ ಬಂದಿದೆ. ಮಗ ಮೂರು ಪಂಪುಗಳ ಚಿತ್ರ ಕಳಿಸಿದ. ಒಂದರ ಕೊಳವೆ ತೆಳ್ಳಗೆ ಉದ್ದ, ಒಂದರದು ದಪ್ಪ, ಇನ್ನೊಂದು ನೋಡಲು ಚೆಂದ ಆದರೆ ಅಡಿ ಪ್ಲಾಸ್ಟಿಕ್. ಅವನು ಹೇಳಿದ್ದು ಇಷ್ಟು: ಅಡಿ ಅಗಲವಾಗಿ, ಲೋಹದ್ದೇ ಇರಲಿ, ಇಲ್ಲದಿದ್ದರೆ ಒತ್ತುವಾಗ ಪಂಪಿನ ಜೊತೆ ನೀನೂ ಮಗುಚಿಕೊಳ್ಳುತ್ತೀಯ. ಕೊಳವೆ ತೆಳ್ಳಗಿರಲಿ. ಪೈಪು ಉದ್ದ ಇರಲಿ. ಬಾಯಿ ಎರಡು ಜಾತಿ ವಾಲ್ವಿಗೂ ಆಗುವಂಥದ್ದಿರಲಿ. ಮೀಟರಿನ ಅಂಕಿ ದೊಡ್ಡದಿರಲಿ, ನಿನ್ನ ಕನ್ನಡಕ ಯಾವಾಗಲೂ ಅಡಿಗೆಮನೆಯಲ್ಲೇ ಇರುತ್ತೆ.

ಕೊಳವೆಯ ವಿಷಯದಲ್ಲಿ ಮಾತ್ರ ಅವನ ಮಾತು ಕೇಳಲಿಲ್ಲ. ದಪ್ಪ ಕೊಳವೆಯಲ್ಲಿ ಒಂದು ಸಲಕ್ಕೆ ಜಾಸ್ತಿ ಗಾಳಿ ಹೋಗುತ್ತೆ, ಬೇಗ ಮುಗಿಯುತ್ತೆ ಅಂತ ಬರೆದಿತ್ತು. ಬೇಗ ಮುಗಿಯುತ್ತೆ ಅಂದರೆ ನನಗೆ ಮುಂದಿನ ಸಾಲು ಓದುವ ಅಭ್ಯಾಸವಿಲ್ಲ. ಮುಂದಿನ ಸಾಲಿನಲ್ಲಿ, ಗಾಳಿ ಏರಿದ ಹಾಗೆ ದಪ್ಪ ಕೊಳವೆಯ ಪಂಪು ಒತ್ತಲು ಕಷ್ಟ, ತೆಳ್ಳಗಿನದು ಹೆಚ್ಚು ಸಲ ಒತ್ತಬೇಕಾದರೂ ಹಗುರ ಅಂತ ಇತ್ತು. ಈ ಒಂದು ಸಾಲು ಓದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ಕೊರಿಯರಿನವರು ನಮ್ಮ ತೋಟದವರೆಗೆ ಬರುವುದಿಲ್ಲ, ಕೈಕಂಬದ ಹತ್ತಿರದ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಪೆಟ್ಟಿಗೆ ನನ್ನ ಕೈಗೆ ಬರುವ ಮೊದಲೇ ಸುದ್ದಿ ಊರೆಲ್ಲ ಹರಡಿತ್ತು. ಪಕ್ಕದ ತೋಟದ ಅಣ್ಣ ಜೀಪು ನಿಲ್ಲಿಸಿ ಕೇಳಿದರು.

"ಪಂಪು ತರಿಸಿದಿರಂತೆ? ಎಷ್ಟು ಎಚ್‌ಪಿ?"

ನಾನು ಪೆಟ್ಟಿಗೆ ತೋರಿಸಿದೆ. ಅವರು ಕೈಯಲ್ಲಿ ಎತ್ತಿ ನೋಡಿದರು. "ಇದರಲ್ಲಿ ನೀರು ಎಲ್ಲಿಗೆ ಏರುತ್ತೆ?" ಅಂದರು. ಪಾಪ, ಮಾರ್ಚಿನಲ್ಲಿ ಮಳೆ ಬರದಿದ್ದರೆ ಅಂತ ಅವರ ಚಿಂತೆ.

ಟೈರಿಗೆ ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಕರಿ ರಬ್ಬರಿನ ಮೇಲೆ ಕರಿ ಅಕ್ಷರ. ಯಾರಿಗೆ ಓದಲು ಅಂತ ಬರೆಯುತ್ತಾರೋ ಗೊತ್ತಿಲ್ಲ. ಟಾರ್ಚ್ ಹಿಡಿದು, ಚಕ್ರ ಎರಡು ಸುತ್ತು ತಿರುಗಿಸಿ, ಕೊನೆಗೆ ಬೆರಳಲ್ಲಿ ಸವರಿ ಓದಿದೆ. ಕನಿಷ್ಠ 50, ಗರಿಷ್ಠ 85 ಪಿಎಸ್‌ಐ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ಗರಿಷ್ಠ ಅಂದರೆ ಜಾಸ್ತಿ ಒಳ್ಳೆಯದು ಅಲ್ವಾ? 85ಕ್ಕೇ ಹಾಕೋಣ ಅಂತ ಸೀರೆ ಸೆರಗು ಸಿಕ್ಕಿಸಿದೆ.

ವಾಲ್ವಿನ ನಟ್ಟು ಸಡಿಲಿಸಿ, ಒಮ್ಮೆ ಬೆರಳಲ್ಲಿ ಒತ್ತಿ, ಟುಸ್ ಅನ್ನಿಸಿ, ಆಮೇಲೆ ಪಂಪಿನ ಬಾಯಿ ಕೂರಿಸಿ ಹಿಡಿ ಎತ್ತಬೇಕು. ನಾನು ನಟ್ಟು ಸಡಿಲಿಸುವುದನ್ನೇ ಮರೆತಿದ್ದೆ. ಎರಡೇ ಸಲ ಒತ್ತಿದ್ದಕ್ಕೆ ಮುಳ್ಳು ಸರ್ರನೆ 60ಕ್ಕೆ ಹಾರಿತು. ನನ್ನ ತೋಳಿನ ಬಲ ನೋಡಿ ನನಗೇ ಬೆರಗು. ಟೈರು ಮಾತ್ರ ರೊಟ್ಟಿಯಾಗಿಯೇ ಇತ್ತು. ಮೀಟರು ತೋರಿಸುತ್ತಿದ್ದದ್ದು ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು.

ನಟ್ಟು ಸಡಿಲಿಸಿದ ಮೇಲೆ ಕೆಲಸ ಚೆನ್ನಾಗಿ ಸಾಗಿತು. 40ರವರೆಗೆ ಮೊಸರು ಕಡೆದ ಹಾಗೆ. 60 ದಾಟಿದ ಮೇಲೆ ಒರಳಲ್ಲಿ ರುಬ್ಬಿದ ಹಾಗೆ. ಪಂಪಿನ ಬುಡ ಬಿಸಿಯಾಯಿತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು, ಈಗ ಅಂಗೈಗೆ ಗೊತ್ತಾಯಿತು. 80ಕ್ಕೆ ಬಂದಾಗ ಹಿಡಿಕೆ ನಿಂತೇಬಿಟ್ಟಿತು. ಕೈಯಲ್ಲಿ ಒತ್ತಿದೆ, ಇಲ್ಲ. ಹೊಟ್ಟೆ ಊರಿದೆ, ಇಲ್ಲ. ಕೊನೆಗೆ ಎರಡೂ ಕಾಲು ನೆಲದಿಂದ ಎತ್ತಿ ಹಿಡಿಕೆಯ ಮೇಲೆ ಪೂರ್ತಿ ಜೋತುಬಿದ್ದೆ. ಒಣಹಾಕಿದ ಕಂಬಳಿ ಹಾಗೆ ಅಲ್ಲೇ ಇದ್ದೆ, ಮುಳ್ಳು 80ರಲ್ಲೇ ಇತ್ತು. ನಮ್ಮವರು ಬಂದು ಇದನ್ನು ಫೋನಿನಲ್ಲಿ ತೆಗೆದು ಮಗನಿಗೆ ಕಳಿಸಿದರು. ಈ ವಿಡಿಯೋ ಮುಂದೆ ಸಾಕ್ಷಿಯಾಗುತ್ತದೆ ಅಂತ ನನಗೆ ಆಗ ತಿಳಿಯಲಿಲ್ಲ.

ಪಂಪಿನ ಬಾಯಿ ಕಿತ್ತಾಗ ಫಟ್ ಅಂತ ಗಾಳಿ ಹೋಯಿತು. ಅಯ್ಯೋ, ಇಷ್ಟು ಹೊತ್ತು ಹಾಕಿದ್ದೆಲ್ಲ ಹೋಯಿತಾ ಅಂತ ಗಾಬರಿಯಲ್ಲಿ ಮತ್ತೆ ಕೂರಿಸಿ ನೋಡಿದೆ, 76. ಸರಿ ಅಂತ ಕಿತ್ತೆ, ಮತ್ತೆ ಫಟ್. ಮತ್ತೆ ಕೂರಿಸಿದೆ, 72. ಆ ಫಟ್ ಪೈಪಿನಲ್ಲಿ ಉಳಿದ ಗಾಳಿಯದು, ಟೈರಿನದಲ್ಲ. ಆದರೆ ಪ್ರತಿ ಸಲ ಕೂರಿಸಿದಾಗಲೂ ಟೈರಿನ ಒಂದಿಷ್ಟು ಗಾಳಿ ಖಾಲಿ ಪೈಪಿಗೆ ಬರುತ್ತದೆ. ಅಂದರೆ ಗಾಳಿ ಹೋಯಿತಾ ಅಂತ ನೋಡಿ ನೋಡಿಯೇ ನಾನು ಗಾಳಿ ಕಳೆದಿದ್ದೆ. ಮತ್ತೆ 80ರವರೆಗೆ ಹೊಡೆದು, ನೋಡದೆ ಎದ್ದೆ.

80 ಪಿಎಸ್‌ಐ ಟೈರಿನಲ್ಲಿ ನಮ್ಮ ತೋಟದ ರಸ್ತೆ ಹೇಗಿರುತ್ತದೆ ಅಂತ ಕೇಳಬೇಡಿ. ಆ ರಸ್ತೆಗೆ ಡಾಂಬರು ಬಿದ್ದ ನೆನಪು ಮಾವನಿಗೆ ಮಾತ್ರ ಇದೆ. ಒಂದೊಂದು ಜಲ್ಲಿಕಲ್ಲೂ ನೇರವಾಗಿ ಬೆನ್ನುಮೂಳೆಗೆ ಬಂದು ಹೆಸರು ಹೇಳಿಕೊಂಡು ಹೋಗುತ್ತಿತ್ತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್ಲಪ್ ಅನ್ನುವ ದನದ ಡಾಕ್ಟರು ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕುತ್ತದೆ ಅಂತ ಅದಕ್ಕೆ ಗಾಳಿಯ ಟೈರು ಮಾಡಿಕೊಟ್ಟರಂತೆ. ಕುಲುಕಬಾರದು ಅಂತ ಹುಟ್ಟಿದ ಟೈರನ್ನು ನಾನು ಕಲ್ಲು ಮಾಡಿ ಕೂತಿದ್ದೆ.

ಸಂಜೆ ಮಗ ಫೋನ್ ಮಾಡಿದ. "ಗರಿಷ್ಠ ಅಂದ್ರೆ ಅಷ್ಟು ಹಾಕು ಅಂತಲ್ಲಮ್ಮಾ, ಅದಕ್ಕಿಂತ ಮೇಲೆ ಹೋಗಬೇಡ ಅಂತ. ಕೂರುವವರ ತೂಕ ನೋಡಿ ಹಾಕಬೇಕು. ನಿನ್ನ ತೂಕ ಎಷ್ಟು?"

ಇದು ಮಕ್ಕಳು ತಾಯಿಯನ್ನು ಕೇಳುವ ಪ್ರಶ್ನೆಯಾ? ಅದೂ ಸ್ಪೀಕರಿನಲ್ಲಿ, ಅತ್ತೆ, ನಾದಿನಿ, ಕಾಫಿ ಕುಡಿಯಲು ಬಂದ ನಾದಿನಿಯ ಅತ್ತೆ, ಎಲ್ಲರೂ ಇರುವಾಗ?

"62," ಅಂದೆ.

ಅದು ಸುಳ್ಳಲ್ಲ. 62 ಇದ್ದೆ. ಮಗನಿಗೆ ಹಲ್ಲು ಬರುತ್ತಿದ್ದ ಕಾಲದಲ್ಲಿ.

"62 ಆದ್ರೆ 50 ಸಾಕು," ಅಂದ ಅವನು. ಪಾಪ, ನಂಬಿದ.

50ಕ್ಕೆ ಇಳಿಸಿದೆ. ಆಹಾ, ಸೈಕಲ್ಲು ತೊಟ್ಟಿಲಾಯಿತು! ಮಂಡಿ ನೋವು ಕಡಿಮೆಯಾಯಿತು, ಸುಂಟಿಕೊಪ್ಪಕ್ಕೆ ಹೋಗಿ ತರಕಾರಿ ತರತೊಡಗಿದೆ. ಪಂಪಿಗೂ ಹೊರಗಿನ ಕೆಲಸ ಸಿಕ್ಕಿತು. ಕೊಡಗು ಅಂದರೆ ಹೊರಗಿನವರಿಗೆ ಬರೀ ಹಾಕಿ ನೆನಪಾಗುತ್ತದೆ, ಹಾಕಿ ಚೆಂಡಿಗೆ ಗಾಳಿ ಬೇಡ. ಆದರೆ ಸುಂಟಿಕೊಪ್ಪದವರಿಗೆ ಫುಟ್ಬಾಲ್ ಹುಚ್ಚು. ತೋಟದ ಕೆಲಸದವರ ಲೈನ್ ಮನೆಯ ಹುಡುಗರು ಪಂಪಿನ ಜೊತೆ ಬಂದ ಸೂಜಿ ಕಂಡುಹಿಡಿದ ದಿನದಿಂದ ಪಂಪು ಮನೆಯಲ್ಲಿ ನಿಂತದ್ದೇ ಕಡಿಮೆ. ಹೀಗಾಗಿ ಎರಡು ಮೂರು ವಾರ ನಾನು ಟೈರಿಗೆ ಗಾಳಿ ಹಾಕಲೇ ಇಲ್ಲ. ತೂತಿಲ್ಲದಿದ್ದರೂ ಟ್ಯೂಬಿನಿಂದ ಗಾಳಿ ತಾನಾಗಿ ಒಂದೊಂದು ಚೂರು ಸೋರುತ್ತಲೇ ಇರುತ್ತದೆ ಅಂತ ಯಾರಿಗೆ ಗೊತ್ತು?

ಜನವರಿಯ ಒಂದು ಬೆಳಿಗ್ಗೆ, ಕ್ಯಾರಿಯರಿನಲ್ಲಿ ಬೆಲ್ಲ, ಈರುಳ್ಳಿ, ಒಂದು ಕುಂಬಳಕಾಯಿ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಮೋರಿಯ ಹತ್ತಿರ ಗುಂಡಿ. ಹಿಂದಿನ ಚಕ್ರ ಟಣ್ ಅಂತು. ಆಮೇಲೆ ಕುಂಬಳಕಾಯಿಯನ್ನು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ವಾಪಸ್ ನಡೆದೆ.

ಅಂಗಡಿಯವನು ಟ್ಯೂಬ್ ತೆಗೆದು ಗಾಳಿ ಹಾಕಿ ನೀರಿನ ಟಬ್ಬಿನಲ್ಲಿ ಅದ್ದಿದ. ಗುಳ್ಳೆ ಎದ್ದವು, ಒಂದೇ ಕಡೆ ಅಲ್ಲ, ಪಕ್ಕಪಕ್ಕದಲ್ಲೇ ಎರಡು ಕಡೆ. ಹಾವು ಕಚ್ಚಿದ ಹಾಗೆ ಎರಡು ತೂತು.

"ಅಕ್ಕಾ, ಇದು ಮುಳ್ಳಲ್ಲ. ಗಾಳಿ ಕಮ್ಮಿ ಇದ್ರೆ ಟೈರು ಪೂರಾ ಅಮುಕಿ, ಟ್ಯೂಬು ರಿಮ್ಮಿಗೆ ಸಿಕ್ಕಿ ಹೀಗೆ ಕಚ್ಚಿಸ್ಕೊಳ್ಳುತ್ತೆ." ಉಪ್ಪು ಕಾಗದದಿಂದ ಟ್ಯೂಬ್ ತಿಕ್ಕುತ್ತಾ, ತಲೆ ಎತ್ತದೆ ಸೇರಿಸಿದ: "ಭಾರ ಜಾಸ್ತಿ ಆದ್ರೆ."

"ಕುಂಬಳಕಾಯಿ ಇತ್ತು," ಅಂದೆ.

ಅವನು ಕುಂಬಳಕಾಯಿಯನ್ನು ನೋಡಿದ. ಆಮೇಲೆ ಸೊಲ್ಯೂಷನ್ ಹಚ್ಚತೊಡಗಿದ. ಸಭ್ಯ ಮನುಷ್ಯ.

ಮಗನಿಗೆ ಅಷ್ಟು ಸಭ್ಯತೆ ಇಲ್ಲ. ಅವನಿಗೆ ಕಾಲೇಜಿನಲ್ಲಿ ಏನು ಕಲಿಸುತ್ತಾರೋ, ರಾತ್ರಿ ಕಾಗದದಲ್ಲಿ ಲೆಕ್ಕ ಬರೆದು ಫೋಟೋ ಕಳಿಸಿದ. ನನ್ನ ಪಂಪಿನ ಕೊಳವೆಯ ಒಳಗಿನ ಅಗಲ 4 ಸೆಂಟಿಮೀಟರ್. ಅಂದರೆ ಒತ್ತುವ ಜಾಗ ಸುಮಾರು 12.5 ಚದರ ಸೆಂಟಿಮೀಟರ್. ಆ ವಿಡಿಯೋದಲ್ಲಿ ಅಮ್ಮ ಕಾಲೆತ್ತಿ ಜೋತುಬಿದ್ದಿದ್ದಾಳೆ, ಅಂದರೆ ಪೂರ್ತಿ ತೂಕ ಹಿಡಿಕೆಯ ಮೇಲಿದೆ. 62 ಕೆ.ಜಿ. ಇದ್ದಿದ್ದರೆ ಮುಳ್ಳು 70ರಲ್ಲೇ ನಿಲ್ಲಬೇಕಿತ್ತು. ನಿಂತದ್ದು 80ರಲ್ಲಿ. ಕೊನೆಯ ಸಾಲಿಗೆ ಎರಡು ಗೆರೆ ಎಳೆದಿದ್ದ: ಕಡಿಮೆ ಅಂದರೂ 70 ಕೆ.ಜಿ.

ಗಾಳಿ ಹಾಕುವ ಪಂಪು ಅಂತ ತಂದರೆ ಅದು ತಕ್ಕಡಿಯಾಗಿತ್ತು.

ಸುಮ್ನೆ ಬಿಡುವ ಹೆಂಗಸು ನಾನಲ್ಲ. ಅವನ ಲೆಕ್ಕ ತಪ್ಪು ಅಂತ ತೋರಿಸಲೇಬೇಕಿತ್ತು. ಮನೆಯ ತೂಕದ ಮೆಷಿನ್ನಿನ ಸೆಲ್ಲು ಸತ್ತು ಎರಡು ವರ್ಷ, ಹೊಸದು ಹಾಕದೇ ಇರುವುದಕ್ಕೆ ನನ್ನದೇ ಕಾರಣಗಳಿವೆ. ಆದರೆ ರೊಬಸ್ಟಾ ಕೊಯ್ಲು ನಡೆಯುತ್ತಿತ್ತು. ಕಣದ ಪಕ್ಕ ಕಾಫಿ ಹಣ್ಣು ತೂಗುವ ಮೆಷಿನ್ ಇತ್ತು. ಸಂಜೆ ಐದು ಗಂಟೆಗೆ ಎಲ್ಲರ ಚೀಲ ತೂಗಿ ಮುಗಿದ ಮೇಲೆ, ಮೆಲ್ಲಗೆ ಹೋಗಿ ಹತ್ತಿ ನಿಂತೆ.

ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಆ ಹೊತ್ತಿಗೆ ನಲವತ್ತು ಚೀಲ ತೂಗಿ ಸುಸ್ತಾಗಿದ್ದರು. ಮೆಷಿನ್ನಿನ ಮೇಲೆ ಏನೋ ಬಂತು ಅನ್ನುವುದಷ್ಟೇ ಅವರಿಗೆ ಕಂಡದ್ದು. ಅಭ್ಯಾಸಬಲ. ದೊಡ್ಡ ದನಿಯಲ್ಲಿ ಕೂಗಿದರು.

"ಎಪ್ಪತ್ತೆರಡೂವರೆ! ಚೀಲ ಕಳೆದು ಎಪ್ಪತ್ತೆರಡು!"

ಕಣದ ತುಂಬ ಇದ್ದ ಹೆಂಗಸರು ತಿರುಗಿ ನೋಡಿದರು. ರೈಟರು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ತಲೆ ಎತ್ತಿದರು. ಅವರ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು. ಅರ್ಧ ಕೆ.ಜಿ. ಆದರೂ ಕಳೆದರಲ್ಲ ಅಂತ ಇಳಿದು ಬಂದೆ.

ಮಗ ಹೊಸ ಲೆಕ್ಕ ಕೊಟ್ಟ: ಮುಂದಿನ ಚಕ್ರಕ್ಕೆ 55, ಹಿಂದಿನದಕ್ಕೆ 65. ಭಾರ ಹಿಂದೆಯೇ ಜಾಸ್ತಿ ಬೀಳುತ್ತದಂತೆ. ವಾರಕ್ಕೊಮ್ಮೆ ಮರೆಯದೆ ನೋಡಬೇಕಂತೆ.

ಶನಿವಾರ ಬಟವಾಡೆ. ನಮ್ಮವರು ಜಗಲಿಯಲ್ಲಿ ಕೂತು, ಯಾರು ಎಷ್ಟು ಕೆ.ಜಿ. ಕೊಯ್ದರು ಅಂತ ಕೂಡಿಸುತ್ತಿದ್ದರು. ನಾನು ಅಂಗಳದಲ್ಲಿ ಹಿಂದಿನ ಚಕ್ರಕ್ಕೆ ಪಂಪು ಹೊಡೆಯುತ್ತಿದ್ದೆ.

"ಏನೇ, ಇಲ್ಲೊಂದು 72 ಕೆ.ಜಿ. ಇದೆ. ಎದುರಿಗೆ ಹೆಸರೇ ಬರೆದಿಲ್ಲ. ಯಾರದ್ದು ಇದು? ದುಡ್ಡು ಯಾರಿಗೆ ಕೊಡೋದು?"

ಮುಳ್ಳು 65ಕ್ಕೆ ಬಂದಿತ್ತು. ತಲೆ ಎತ್ತದೆ ಇನ್ನೆರಡು ಸಲ ಒತ್ತಿದೆ.